ಹಿಂದಿನ ಗಾಜು ಎಷ್ಟು ಕಪ್ಪಿರಬೇಕು?

ಕಾರು ಮನೆಗೆ ಬಂದ ದಿನ ಮಗಳು ಹಿಂದಿನ ಸೀಟಿಗೆ ಹತ್ತಿ ಕೂತವಳೇ ಕೇಳಿದಳು, "ಅಪ್ಪಾ, ಹೊರಗೆಲ್ಲ ಯಾಕೆ ನೇರಳೆ ಬಣ್ಣ?"

ಸೆಕೆಂಡ್ ಹ್ಯಾಂಡ್ ಕಾರು. ಮೊದಲು ಇಟ್ಟುಕೊಂಡಿದ್ದವರು ಹಿಂದಿನ ಎರಡು ಬಾಗಿಲಿಗೂ ಡಿಕ್ಕಿ ಮೇಲಿನ ಗಾಜಿಗೂ ಕಪ್ಪು ಫಿಲ್ಮ್ ಅಂಟಿಸಿದ್ದರು. ಬರೀ ಬಣ್ಣ ಹಾಕಿದ ಅಗ್ಗದ ಫಿಲ್ಮ್ ಬಿಸಿಲಿಗೆ ಹೀಗೇ ಆಗೋದು. ಆ ಕಪ್ಪಿನಲ್ಲಿ ಹಲವು ಬಣ್ಣ ಸೇರಿರುತ್ತವೆ. ಎಲ್ಲವೂ ಒಂದೇ ಸಮ ಮಾಸುವುದಿಲ್ಲ. ಕೊನೆಗೆ ಕಣ್ಣಿಗೆ ಬೀಳುವುದು ನೇರಳೆ. ನಮ್ಮದರಲ್ಲಿ ಗುಳ್ಳೆಗಳೂ ಎದ್ದಿದ್ದವು. ಡಿಕ್ಕಿ ಗಾಜಿನ ಮಧ್ಯದಲ್ಲಿ ಅಂಗೈಯಷ್ಟು ಅಗಲದ ಒಂದು ಗುಳ್ಳೆ ಸರಿಯಾಗಿ ಕನ್ನಡಿಯ ನೋಟಕ್ಕೆ ಅಡ್ಡ ಬರುತ್ತಿತ್ತು. ಹಿಂದೆ ಬರುವ ಲಾರಿ ಅದರೊಳಗೆ ಹೊಕ್ಕರೆ ಆಕಾರವೇ ಗೊತ್ತಾಗುತ್ತಿರಲಿಲ್ಲ.

ಕಿತ್ತು ಹಾಕೋಣ ಅಂತ ಒಂದು ಭಾನುವಾರ ಕೂತೆ. ಬಾಗಿಲಿನ ಗಾಜುಗಳದ್ದು ಸುಲಭವಾಯಿತು. ಹೇರ್ ಡ್ರೈಯರ್‌ನಿಂದ ಮೂಲೆ ಬಿಸಿ ಮಾಡಿ, ಉಗುರು ಸಿಗಿಸಿ, ನಿಧಾನಕ್ಕೆ ಎಳೆದರೆ ಒಂದೇ ಹಾಳೆಯಾಗಿ ಬಂತು. ಉಳಿದ ಅಂಟನ್ನು ಸೋಪಿನ ನೀರು ಹಾಕಿ ಉಜ್ಜಿ ತೆಗೆದೆ. ಡಿಕ್ಕಿ ಗಾಜಿಗೆ ಬಂದಾಗ ಅವಸರ ಮಾಡಿದೆ. ಆ ಗಾಜಿನ ಒಳಮೈಯಲ್ಲಿ ಅಡ್ಡಡ್ಡ ಕಂದು ಗೆರೆಗಳಿರುತ್ತವಲ್ಲ, ಮಂಜು ಕರಗಿಸುವ ಡಿಫಾಗರ್ ಗೆರೆಗಳು, ಅವನ್ನು ಬೆಳ್ಳಿ ಬೆರೆಸಿದ ಬಣ್ಣದಿಂದ ಗಾಜಿನ ಮೇಲೇ ಅಚ್ಚು ಹಾಕಿರುತ್ತಾರೆ. ಫಿಲ್ಮಿನ ಅಂಟು ಕೂತಿರುವುದು ಅದೇ ಗೆರೆಗಳ ಮೇಲೆ. ಎಳೆದ ಹಾಳೆಯನ್ನು ತಿರುಗಿಸಿ ನೋಡಿದರೆ ಕಂದು ಚೂರುಗಳು ಅದಕ್ಕೇ ಅಂಟಿಕೊಂಡು ಬಂದಿದ್ದವು. ಎರಡು ಗೆರೆ ತುಂಡು. ಮುಂದಿನ ಚಳಿ ಬೆಳಗ್ಗೆ ಸ್ವಿಚ್ ಒತ್ತಿದಾಗ ಗಾಜು ಪಟ್ಟೆ ಪಟ್ಟೆಯಾಗಿ ತಿಳಿಯಾಗುತ್ತಾ ಬಂತು, ಆ ಎರಡು ಪಟ್ಟೆ ಮಾತ್ರ ಮಸುಕಾಗೇ ಉಳಿದವು. ಹಳೇ ಫಿಲ್ಮ್ ತೆಗೆಯಬೇಕು ಅಂತಿರುವವರಿಗೆ ಇಷ್ಟು ಹೇಳುತ್ತೇನೆ. ಬಾಗಿಲಿನ ಗಾಜು ನೀವೇ ಮಾಡಿ. ಡಿಕ್ಕಿ ಗಾಜನ್ನು ಮಾತ್ರ, ಹಬೆ ಕೊಟ್ಟು ಅಂಟು ಸಡಿಲ ಮಾಡಿ ತೆಗೆಯಲು ಗೊತ್ತಿರುವವರ ಕೈಗೆ ಕೊಡಿ.

ಆಮೇಲೆ ಎರಡು ತಿಂಗಳು ಬೋಳು ಗಾಜಿನಲ್ಲೇ ಓಡಾಡಿದೆವು. ಕಾರಿನೊಳಗೆ ಬೆಳಕು ಬಂದಿತ್ತು, ನನಗೆ ಖುಷಿಯಾಗಿತ್ತು. ಹಿಂದೆ ಕೂತವರಿಗೆ ಆಗಲಿಲ್ಲ. ಮಧ್ಯಾಹ್ನ ನಿಲ್ಲಿಸಿದ್ದ ಕಾರಿಗೆ ಹತ್ತಿದರೆ ಸೀಟ್ ಬೆಲ್ಟಿನ ಬಕಲ್ ಮುಟ್ಟೋಕೆ ಆಗುತ್ತಿರಲಿಲ್ಲ. ಮಗಳ ತೊಡೆಗೆ ಅದು ತಾಗಿ ಒಮ್ಮೆ ಚುರುಕ್ ಅಂದು ಅತ್ತೇ ಬಿಟ್ಟಳು. ಅಮ್ಮನ ಕಣ್ಣಿಗೆ ಪೊರೆ ಆಪರೇಷನ್ ಆಗಿ ಇನ್ನೂ ಜಾಸ್ತಿ ದಿನ ಆಗಿರಲಿಲ್ಲ. ಪಕ್ಕದಿಂದ ಬೀಳುವ ಬಿಸಿಲಿಗೆ ಸೆರಗನ್ನೇ ಗಾಜಿಗೆ ಅಡ್ಡ ಹಿಡಿದು ಕೂರುತ್ತಿದ್ದರು. ಮುಂದಿನ ಸೀಟಿನಲ್ಲಿ ಕೂತು ಓಡಿಸುವವನಿಗೆ ಇದು ಗೊತ್ತೇ ಆಗುವುದಿಲ್ಲ. ನೆತ್ತಿ ಮೇಲೆ ಸನ್ ವೈಸರ್ ಇದೆ, ಏಸಿ ಗಾಳಿ ನೇರ ಮುಖಕ್ಕೇ ಬರುತ್ತೆ.

ಅಂದರೆ ಹಿಂದಿನ ಕಿಟಕಿಗೆ ಏನಾದರೂ ಬೇಕು ಅನ್ನೋದು ಖಾತ್ರಿಯಾಯಿತು. ಎಷ್ಟು ಕಪ್ಪು ಅನ್ನೋದೇ ಪ್ರಶ್ನೆ.

ಕಪ್ಪಾದಷ್ಟೂ ತಂಪು ಅಂತ ನಾನೂ ನಂಬಿದ್ದೆ. ಹಾಗಲ್ಲ. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ. ಕಾಣುವ ಬೆಳಕು ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಬರೀ ಬಣ್ಣದ ಫಿಲ್ಮ್ ಕಾಣುವ ಬೆಳಕನ್ನು ತಡೆಯುತ್ತೆ, ಇನ್‌ಫ್ರಾರೆಡ್‌ನಲ್ಲಿ ಹೆಚ್ಚಿನದನ್ನು ಒಳಗೆ ಬಿಟ್ಟುಬಿಡುತ್ತೆ. ತಡೆದ ಬೆಳಕನ್ನೂ ತಾನೇ ಹೀರಿಕೊಂಡು ಗಾಜು ಕಾಯುತ್ತೆ. ಆ ಕಾವಿನಲ್ಲಿ ಒಂದು ಪಾಲು ಮತ್ತೆ ಒಳಗೇ ಬರುತ್ತೆ. ನಮ್ಮ ನೇರಳೆ ಗಾಜಿಗೆ ಒಳಗಿನಿಂದ ಕೈ ಇಟ್ಟರೆ ಬಿಸಿ ಹಂಚಿನ ಹತ್ತಿರ ಕೈ ಹಿಡಿದ ಹಾಗೆ ಆಗುತ್ತಿದ್ದುದು ಇದಕ್ಕೇ. ಸೆರಾಮಿಕ್ ಫಿಲ್ಮ್ ಬೇರೆ ಥರ. ಅದರಲ್ಲಿರುವ ಅತಿ ಸಣ್ಣ ಕಣಗಳು ಇನ್‌ಫ್ರಾರೆಡ್ ಅನ್ನೇ ಹಿಡಿಯುತ್ತವೆ. ಹಾಗಾಗಿ ಹೆಚ್ಚುಕಡಿಮೆ ತಿಳಿಯಾಗಿ ಕಾಣುವ ಒಳ್ಳೆ ಸೆರಾಮಿಕ್ ಫಿಲ್ಮ್, ಕಡುಕಪ್ಪಾದ ಅಗ್ಗದ ಫಿಲ್ಮಿಗಿಂತ ಜಾಸ್ತಿ ತಂಪು ಕೊಡಬಲ್ಲದು. ಲೋಹದ ಪದರ ಇರುವ ಫಿಲ್ಮ್ ಕೂಡ ಬಿಸಿಯನ್ನು ಚೆನ್ನಾಗಿ ತಡೆಯುತ್ತೆ, ಆದರೆ ಮೊಬೈಲ್, ಜಿಪಿಎಸ್ ಸಿಗ್ನಲ್‌ಗೆ ಅಡ್ಡಿ ಮಾಡಬಹುದು.

ಚರ್ಮದ ವಿಷಯವೂ ಇದೆ. ಬಿಸಿಲಿನಲ್ಲಿ ಚರ್ಮಕ್ಕೆ ಹಾನಿ ಮಾಡುವ ಯುವಿ, ಅಂದರೆ ಅತಿನೇರಳೆ ಕಿರಣಗಳಿರುತ್ತವೆ. ಸಾಮಾನ್ಯ ಗಾಜು ಯುವಿ-ಬಿ ಕಿರಣಗಳನ್ನು ಬಹುಪಾಲು ತಡೆಯುತ್ತೆ, ಯುವಿ-ಎ ಕಿರಣಗಳನ್ನು ಸಾಕಷ್ಟು ಒಳಗೆ ಬಿಡುತ್ತೆ. ಮುಂದಿನ ವಿಂಡ್‌ಶೀಲ್ಡ್ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ್ದು, ಅದು ಯುವಿ-ಎ ಅನ್ನೂ ಹೆಚ್ಚುಕಡಿಮೆ ಪೂರ್ತಿ ತಡೆಯುತ್ತೆ. ಪಕ್ಕದ ಕಿಟಕಿ ಸಾಮಾನ್ಯವಾಗಿ ಒಂದೇ ಹಾಳೆ ಗಾಜು. ಅಂದರೆ ಕಾರಿನಲ್ಲಿ ಕಡಿಮೆ ರಕ್ಷಣೆ ಇರುವುದು ಕಿಟಕಿ ಪಕ್ಕ ಕೂತ ಮಗುವಿಗೆ! ಒಳ್ಳೆ ಫಿಲ್ಮ್, ಬಣ್ಣವೇ ಇಲ್ಲದ್ದಾದರೂ, ಯುವಿಯನ್ನು ಶೇಕಡಾ 99ರಷ್ಟು ತಡೆಯುತ್ತೆ. ನನಗೆ ಮನಸ್ಸು ನಿರ್ಧಾರವಾಗಿದ್ದು ಇಲ್ಲಿ.

ಗಾಜು ಎಷ್ಟು ಬೆಳಕನ್ನು ಒಳಗೆ ಬಿಡುತ್ತೆ ಅನ್ನೋದನ್ನ ವಿಎಲ್‌ಟಿ ಅಂತ ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಸಂಖ್ಯೆ ಕಮ್ಮಿಯಾದಷ್ಟೂ ಗಾಜು ಕಪ್ಪು. ಇದರಲ್ಲಿ ಬಹಳ ಜನ ಎಡವುವ ಒಂದು ಲೆಕ್ಕ ಇದೆ. ಕಾರಿನ ಗಾಜು ಫಿಲ್ಮ್ ಇಲ್ಲದೆಯೂ ಪೂರ್ತಿ 100 ಅಲ್ಲ, 75ರ ಆಸುಪಾಸು ಇರುತ್ತೆ ಅಂದುಕೊಳ್ಳಿ. ಅದರ ಮೇಲೆ 35ರ ಫಿಲ್ಮ್ ಹಾಕಿದರೆ ಎರಡನ್ನೂ ಗುಣಿಸಬೇಕು. ಉಳಿಯುವುದು 26. ಕಂಪನಿಯಿಂದಲೇ ಕಪ್ಪಾಗಿ ಬರುವ ಪ್ರೈವೆಸಿ ಗಾಜಿನ ಮೇಲೆ ಇನ್ನೊಂದು ಫಿಲ್ಮ್ ಹಾಕಿಸಿದರಂತೂ ಗವಿಯೇ ಸರಿ. (ಆ ಪ್ರೈವೆಸಿ ಗಾಜಿನಲ್ಲಿ ಬಣ್ಣ ಗಾಜಿನೊಳಗೇ ಬೆರೆತಿರುತ್ತೆ, ಸುಲಿಯುವುದಿಲ್ಲ, ಗುಳ್ಳೆ ಏಳುವುದಿಲ್ಲ. ನೋಡೋಕೂ ಚೆಂದ. ಆದರೆ ಕಪ್ಪಗಿದೆ ಅಂದಮಾತ್ರಕ್ಕೆ ಅದು ಬಿಸಿಲಿನ ಕಾವನ್ನೂ ಅಷ್ಟೇ ತಡೆಯುತ್ತೆ ಅಂತ ಅಲ್ಲ.)

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್‌ನಲ್ಲಿ ಮುಂದಿನ ಬಾಗಿಲ ಗಾಜು ಕನಿಷ್ಠ 70 ಇರಬೇಕು, ಹಿಂದಿನದಕ್ಕೆ ಮಿತಿಯೇ ಇಲ್ಲ. ಭಾರತದಲ್ಲಿ ಮುಂದಿನ ಮತ್ತು ಹಿಂದಿನ ವಿಂಡ್‌ಶೀಲ್ಡಿಗೆ 70, ಪಕ್ಕದವಕ್ಕೆ 50. ಹಾಕಿಸುವ ಮುಂಚೆ ನಿಮ್ಮಲ್ಲಿನ ನಿಯಮ ನೋಡಿಕೊಳ್ಳಿ.

ಗೆಳೆಯನ ಕಾರಿನಲ್ಲಿ ಹಿಂದೆಲ್ಲ 5ರ ಫಿಲ್ಮ್ ಇದೆ. ಲಿಮೋ ಟಿಂಟ್ ಅಂತಾರೆ. ಹಗಲು ನೋಡೋಕೆ ಗಂಭೀರವಾಗಿ ಕಾಣುತ್ತೆ, ಇಲ್ಲ ಅನ್ನಲ್ಲ. ಒಂದು ರಾತ್ರಿ ಅದನ್ನ ದೀಪ ಇಲ್ಲದ ಓಣಿಯಿಂದ ರಿವರ್ಸ್ ತೆಗೆಯಬೇಕಾಯಿತು. ಒಳಗಿನ ಕನ್ನಡಿಯಲ್ಲಿ ನನಗೆ ಕಂಡಿದ್ದು ಒಂದು ಕಪ್ಪು ಚೌಕ, ಅದರಲ್ಲಿ ರಿವರ್ಸ್ ಲೈಟಿನ ಮಂಕು ಬೆಳಕು. ತಿರುಗಿ ಹೆಗಲ ಮೇಲಿಂದ ನೋಡಿದೆ, ಅಲ್ಲೂ ಕಪ್ಪು. ಕ್ಯಾಮೆರಾ ಇತ್ತು. ಅದರ ತೆರೆಯಲ್ಲಿ ಬಂಪರ್ ಹಿಂದಿನ ನೆಲ ಚೆನ್ನಾಗೇ ಕಾಣುತ್ತಿತ್ತು. ಸುಮ್ನೆ ಯಾಕೋ ಅನುಮಾನ ಬಂದು ಹಿಂದಿನ ಎಡಗಡೆ ಗಾಜು ಇಳಿಸಿದೆ. ಒಂದು ಮಾರು ದೂರದಲ್ಲಿ ಒಬ್ಬ ಹುಡುಗ ಸೈಕಲ್ ಹಿಡಿದುಕೊಂಡು ನಿಂತಿದ್ದ, ನಾನು ಹೋಗಲಿ ಅಂತ ಕಾಯುತ್ತಾ. ನಾನು ಸ್ಟೇರಿಂಗ್ ತಿರುಗಿಸಲು ಹೊರಟಿದ್ದು ಅವನ ಕಡೆಗೇ. ಅವನಿಗೆ ನಾನು ಕಾಣುತ್ತಿರಲಿಲ್ಲ, ನನಗೆ ಅವನು ಕಾಣುತ್ತಿರಲಿಲ್ಲ. ಅವತ್ತಿನಿಂದ ಕಡುಕಪ್ಪು ಹಿಂದಿನ ಗಾಜನ್ನು ಯಾರು ಹೊಗಳಿದರೂ ನನಗೆ ಒಪ್ಪಿಗೆ ಇಲ್ಲ.

ಇನ್ನೊಂದು ಸಂಗತಿ. ದೂರದ ದಾರಿಯಲ್ಲಿ ನಾವು ಮುಂದಿನ ಕಾರಿನ ಹಿಂಗಾಜು, ಮುಂಗಾಜು ಎರಡನ್ನೂ ತೂರಿ ಅದರಾಚೆಯ ಕಾರಿನ ಬ್ರೇಕ್ ಲೈಟ್ ನೋಡುತ್ತೇವೆ. ಗೊತ್ತಿಲ್ಲದೆಯೇ ನೋಡುತ್ತೇವೆ. ಅಲ್ಲಿ ಕೆಂಪು ಕಂಡರೆ ಕಾಲು ತಾನಾಗೇ ಆಕ್ಸಿಲರೇಟರ್ ಬಿಡುತ್ತೆ. ಮುಂದಿನವರು ಡಿಕ್ಕಿ ಗಾಜನ್ನು ಕಪ್ಪು ಮಾಡಿದರೆ ಆ ಒಂದೆರಡು ಸೆಕೆಂಡಿನ ಮುನ್ಸೂಚನೆ ಹೋಯಿತು. ಹಾಗಾಗಿ ನನ್ನ ಅಭಿಪ್ರಾಯ ಇದು: ಹಿಂದಿನ ಬಾಗಿಲುಗಳಿಗೆ ಟಿಂಟ್ ಇರಲಿ, ಡಿಕ್ಕಿ ಮೇಲಿನ ಗಾಜು ತಿಳಿಯಾಗೇ ಇರಲಿ. ಅದು ನಮ್ಮೊಬ್ಬರ ಕಿಟಕಿ ಅಲ್ಲ. ಹಿಂದೆ ಬರುವವರಿಗೂ ಅದೇ ಕಿಟಕಿ.

ಚೆಂದದ ಮಾತಿಗೆ ಬರೋಣ. ತಿಳಿ ಬಣ್ಣದ ಕಾರಿಗೆ ಮುಂದೆ ಪೂರ್ತಿ ಬೆಳ್ಳಗಿನ ಗಾಜು, ಹಿಂದೆ ಕಡುಕಪ್ಪು. ನನಗೆ ಅದು ಒಂದೇ ಕಣ್ಣಿಗೆ ಕಾಡಿಗೆ ಹಚ್ಚಿದ ಹಾಗೆ ಕಾಣುತ್ತೆ. ಹಿಂದಿನ ಫಿಲ್ಮ್ ತಿಳಿ ಬೂದು ಬಣ್ಣದ್ದಾದರೆ ಎರಡೂ ಬಾಗಿಲ ನಡುವಿನ ಕಪ್ಪು ಕಂಬ ಆ ವ್ಯತ್ಯಾಸವನ್ನು ನುಂಗಿಬಿಡುತ್ತೆ, ಕಾರು ಒಂದೇ ರೇಖೆಯಾಗಿ ಕಾಣುತ್ತೆ. ಕನ್ನಡಿ ಥರ ಹೊಳೆಯುವ ಫಿಲ್ಮ್ ಬೇಡವೇ ಬೇಡ, ಅದು ಬಿಸಿಲನ್ನು ಎದುರಿನವರ ಕಣ್ಣಿಗೆ ಎಸೆಯುತ್ತೆ. ಕೆಲಸ ಅಚ್ಚುಕಟ್ಟಾಗಿದೆಯಾ ಅಂತ ನೋಡಲು ಗಾಜನ್ನು ಎರಡು ಬೆರಳಷ್ಟು ಇಳಿಸಿ, ಮೇಲಿನ ಅಂಚು ನೋಡಿ. ಫಿಲ್ಮ್ ಗಾಜಿನ ಬಾಗಿಗೆ ಸರಿಯಾಗಿ ಕತ್ತರಿಸಿರಬೇಕು, ಬೆಳಕಿನ ಗೆರೆ ಅಂಕುಡೊಂಕಾಗಿ ಕಾಣಬಾರದು. ಡಿಕ್ಕಿ ಗಾಜಿನ ಅಂಚಿನಲ್ಲಿ ಕಪ್ಪು ಚುಕ್ಕಿಗಳ ಪಟ್ಟಿ ಇರುತ್ತಲ್ಲ, ಅಲ್ಲಿ ಫಿಲ್ಮ್ ಗಾಜಿಗೆ ಸರಿಯಾಗಿ ಕೂರುವುದಿಲ್ಲ, ಬೆಳ್ಳಗೆ ಅಂಚು ಬಿಡುತ್ತೆ. ಎಷ್ಟು ಒಳ್ಳೆ ಫಿಲ್ಮ್ ಹಾಕಿದರೂ ಆ ಅಂಚು ಕಣ್ಣಿಗೆ ಕುಟುಕುತ್ತೆ.

ಕಪ್ಪು ಗಾಜಿನ ಪರವಾಗಿ ಜನ ಹೇಳೋದು, ಒಳಗಿರೋ ಬ್ಯಾಗು ಹೊರಗಿನವರಿಗೆ ಕಾಣಲ್ಲ ಅಂತ. ನಿಜ. ಆದರೆ ಬ್ಯಾಗು ಕಾಣದ ಕಡೆ, ಮರೆತು ಒಳಗೇ ಉಳಿದ ಮಗುವೂ ಕಾಣುವುದಿಲ್ಲ. ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ 10 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬಹುದು, ಟಿಂಟ್ ಇದ್ದರೂ ಕಾರು ಕಾಯುತ್ತೆ. ದಾರಿಯಲ್ಲಿ ಹೋಗುವ ಯಾರಾದರೂ ಒಳಗೆ ನೋಡಿ ಗಾಜು ಒಡೆಯುವಂತಿರಬೇಕು. ಬ್ಯಾಗನ್ನು ಡಿಕ್ಕಿಯಲ್ಲಿ ಇಡಬಹುದು, ಅಲ್ವಾ?

ಕೊನೆಗೆ ಹಿಂದಿನ ಎರಡು ಬಾಗಿಲಿಗೆ ಮಾತ್ರ 70ರ ಸೆರಾಮಿಕ್ ಫಿಲ್ಮ್ ಹಾಕಿಸಿದೆ. ಗಾಜಿನ ಜೊತೆ ಗುಣಿಸಿದರೆ 52ರ ಹತ್ತಿರ. ಹಾಕಿದವರು ನಾಲ್ಕು ದಿನ ಗಾಜು ಇಳಿಸಬೇಡಿ ಅಂದರು. ಸ್ವಿಚ್ ಮೇಲೆ ಟೇಪ್ ಅಂಟಿಸಿ ಮಗಳಿಂದ ಕಾಪಾಡಿದೆ. ಮೊದಲ ವಾರ ಅಲ್ಲಲ್ಲಿ ನೀರಿನ ಮಬ್ಬು ಇತ್ತು, ಆಮೇಲೆ ತಾನೇ ಒಣಗಿ ಹೋಯಿತು. ಅಮೋನಿಯಾ ಇರುವ ಕ್ಲೀನರ್ ತಾಗಿಸುತ್ತಿಲ್ಲ, ಮೆತ್ತನೆ ಬಟ್ಟೆ, ಸೋಪಿನ ನೀರು ಅಷ್ಟೇ.

ಅಮ್ಮ ಹತ್ತಿ ಕೂತು ಗಾಜು ಮುಟ್ಟಿ ನೋಡಿ, "ಏನೋ, ಹಾಕ್ಸಿದ್ಯಾ? ಕಾಣೋದೇ ಇಲ್ವಲ್ಲ" ಅಂದರು. ಐದು ನಿಮಿಷ ಆದ ಮೇಲೆ ನೋಡಿದರೆ ಸೆರಗು ಹೆಗಲ ಮೇಲೇ ಇತ್ತು. ನಡುಮಧ್ಯಾಹ್ನದ ಪ್ರಯಾಣಕ್ಕೆ ಅವರ ಕಡೆ ಬಲೆಯಂಥ ಸನ್‌ಶೇಡ್ ಸಿಗಿಸುತ್ತೇನೆ, ಸಂಜೆಯಾದರೆ ತೆಗೆದು ಮಡಚಿ ಬಾಗಿಲ ಖಾನೆಗೆ ಹಾಕುತ್ತೇನೆ. ಕಪ್ಪು ಬೇಕಾದಾಗ ಬರುತ್ತೆ, ಬೇಡವಾದಾಗ ಹೋಗುತ್ತೆ.

ತುಂಡಾದ ಡಿಫಾಗರ್ ಗೆರೆಗಳಲ್ಲಿ ಒಂದನ್ನು, ಕರೆಂಟ್ ಹರಿಯುವ ರಿಪೇರಿ ಬಣ್ಣ ತಂದು, ಎರಡೂ ಬದಿಗೆ ಟೇಪ್ ಹಚ್ಚಿ ಸಣ್ಣ ಕುಂಚದಲ್ಲಿ ಸೇರಿಸಿದ್ದೇನೆ. ನಿನ್ನೆ ಬೆಳಗ್ಗೆ ಆ ಪಟ್ಟೆ ಉಳಿದವುಗಳ ಜೊತೆಗೇ ತಿಳಿಯಾಯಿತು. ಇನ್ನೊಂದು ಈ ಭಾನುವಾರ.