ಅವಳು ಅವನಿಗೋಸ್ಕರ ಕಳ್ಳತನ ಬಿಟ್ಟಳಾ?

ನಮ್ಮ ಮನೆಗೆ ಬಂದವರ ಕಣ್ಣು ಮೊದಲು ಹೋಗುವುದು ಚಾವಡಿಯ ಕಪಾಟಿನ ಕಡೆಗೆ. ಅದರ ತುಂಬ ಬ್ಯಾಟ್‌ಮ್ಯಾನ್ ಕಾಮಿಕ್ಸ್. ಸ್ವಲ್ಪ ತಿರುಗಿಸಿ ನೋಡಿ, ಕಾಫಿ ಕುಡಿದು, ಆಮೇಲೆ ಎಲ್ಲರೂ ಹೆಚ್ಚುಕಡಿಮೆ ಇದೇ ಪ್ರಶ್ನೆ ಕೇಳುತ್ತಾರೆ. "ಆ ಕ್ಯಾಟ್‌ವುಮನ್ ಇದ್ದಾಳಲ್ಲ, ಅವಳು ಕೊನೆಗೆ ಅವನಿಗೋಸ್ಕರ ಕಳ್ಳತನ ಬಿಟ್ಟಳಾ?" ನನ್ನ ಅತ್ತಿಗೆ ಕೇಳಿದ್ದಾರೆ, ಮಣಿಪಾಲದ ಆಫೀಸಿನ ಗೆಳತಿಯರು ಕೇಳಿದ್ದಾರೆ, ಒಂದು ಸಲ ಗ್ಯಾಸ್ ಸ್ಟೌ ರಿಪೇರಿಗೆ ಬಂದ ಹುಡುಗನೂ ಕೇಳಿದ. ಪ್ರತಿ ಸಲ ಅರ್ಧ ಹೇಳಿ ಬಿಟ್ಟಿದ್ದೇನೆ. ಇಲ್ಲಿ ಪೂರ್ತಿ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಗೊಥಮ್ ಅನ್ನುವ ಊರು. ಬ್ರೂಸ್ ವೇಯ್ನ್ ಅಲ್ಲಿನ ದೊಡ್ಡ ಶ್ರೀಮಂತ. ಚಿಕ್ಕವನಿದ್ದಾಗ ಅವನ ಕಣ್ಣೆದುರೇ ಅಪ್ಪ ಅಮ್ಮನನ್ನು ಒಬ್ಬ ಗುಂಡು ಹೊಡೆದು ಕೊಂದ. ದೊಡ್ಡವನಾದ ಮೇಲೆ ಬ್ರೂಸ್ ರಾತ್ರಿ ಹೊತ್ತು ಬಾವಲಿಯ ಮುಖವಾಡ ಹಾಕಿ ಕಳ್ಳಕಾಕರನ್ನು ಹಿಡಿಯುತ್ತಾನೆ, ಅವನೇ ಬ್ಯಾಟ್‌ಮ್ಯಾನ್. ಪೊಲೀಸ್ ಅಲ್ಲ, ಯಾರೂ ಅಧಿಕಾರ ಕೊಟ್ಟಿಲ್ಲ. ಸೆಲಿನಾ ಕೈಲ್ ಕಳ್ಳಿ, ಅವಳೇ ಕ್ಯಾಟ್‌ವುಮನ್. ಬೆಕ್ಕಿನ ವೇಷ, ಬೆಕ್ಕಿನ ಹೆಜ್ಜೆ, ಒಡವೆ ಅಂದರೆ ಪ್ರಾಣ. ಇವರಿಬ್ಬರಿಗೆ ಪ್ರೀತಿ. ಎಂಬತ್ತು ವರ್ಷ ದಾಟಿತು, ಇನ್ನೂ ಮುಗಿದಿಲ್ಲ.

ನನ್ನ ಉತ್ತರ: ಇಲ್ಲ. ಅವನಿಗೋಸ್ಕರ ಬಿಡಲಿಲ್ಲ. ಬಿಟ್ಟದ್ದು ಅವಳೇ, ಅವಳಿಗಾಗಿಯೇ. ಅವನ ಕೆಲಸ ಬೇರೆ ಇತ್ತು.

ಈ ಪ್ರಶ್ನೆ ನಮಗೆ ಯಾಕೆ ಇಷ್ಟು ಬೇಗ ಬಾಯಿಗೆ ಬರುತ್ತದೆ ಅಂತ ಯೋಚಿಸಿದ್ದೇನೆ. ದಾರಿ ತಪ್ಪಿದ ಹುಡುಗನ ಬಗ್ಗೆ ನಮ್ಮ ಕಡೆ ಹಿರಿಯರು ಹೇಳುವುದು ಒಂದೇ ಮಾತು ಅಲ್ವಾ, "ಒಂದು ಮದುವೆ ಮಾಡಿ, ಎಲ್ಲ ಸರಿ ಹೋಗ್ತದೆ." ಬಂದ ಹೆಣ್ಣು ಅವನನ್ನು ತಿದ್ದಬೇಕು. ತಿದ್ದಿದರೆ ಹೆಸರು ಅವಳಿಗೆ, ತಿದ್ದದಿದ್ದರೆ ಬೈಗುಳವೂ ಅವಳಿಗೆ. ಅವನು ದಿನಾ ಬೆಳಿಗ್ಗೆ ಎದ್ದು ತನ್ನನ್ನು ತಾನೇ ಹಿಡಿದಿಟ್ಟುಕೊಂಡದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಇದೇ ಲೆಕ್ಕವನ್ನು ನಾವು ಸೆಲಿನಾಗೂ ಹಾಕುತ್ತೇವೆ.

ಶುರುವಿನಿಂದ ಬರೋಣ. ಬ್ಯಾಟ್‌ಮ್ಯಾನ್ ಬಂದದ್ದು 1939ರಲ್ಲಿ. ಮರುವರ್ಷ, 1940ರಲ್ಲಿ, ಅವನದೇ ಹೆಸರಿನ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಅವಳೂ ಬಂದಳು. ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಮಾಡಿದ ಪಾತ್ರ. ಆಗ ಹೆಸರು ಬರೀ 'ದಿ ಕ್ಯಾಟ್'. ಒಂದು ಹಡಗಿನಲ್ಲಿ ಮುದುಕಿಯ ವೇಷದಲ್ಲಿ ಇದ್ದಾಳೆ, ಕಾಲಿಗೆ ಪೆಟ್ಟಾಗಿದೆ ಅಂತ ಬ್ಯಾಂಡೇಜ್ ಸುತ್ತಿಕೊಂಡಿದ್ದಾಳೆ, ಕದ್ದ ನೆಕ್ಲೇಸ್ ಇರುವುದು ಅದರೊಳಗೆ. ಬ್ಯಾಟ್‌ಮ್ಯಾನ್ ಹಿಡಿದು ಮುಖದ ಬಣ್ಣ ಒರೆಸುತ್ತಾನೆ. ಒಳಗಿಂದ ಹರೆಯದ ಹೆಣ್ಣಿನ ಮುಖ. ನನಗೆ ಇಲ್ಲಿ ಯಾವಾಗಲೂ ಯಕ್ಷಗಾನದ ಚೌಕಿ ನೆನಪಾಗುತ್ತದೆ. ಚಿಕ್ಕವಳಿದ್ದಾಗ ಬೆಳಗಿನ ಜಾವ ಆಟ ಮುಗಿದ ಮೇಲೆ ಅಪ್ಪನ ಕೈ ಹಿಡಿದು ಚೌಕಿಗೆ ಹೋಗಿದ್ದೆ. ಬಣ್ಣದ ವೇಷದವರು ತೆಂಗಿನೆಣ್ಣೆ ಹಚ್ಚಿ ಮುಖ ಉಜ್ಜುತ್ತಿದ್ದರು. ಕೆಂಪು, ಕಪ್ಪು ಎಲ್ಲ ಕಲಸಿಹೋಗಿ, ಬಟ್ಟೆಯಲ್ಲಿ ಒಂದು ಸಲ ಎಳೆದು ಒರೆಸಿದಾಗ ಕೆನ್ನೆಯ ಒಂದು ಪಟ್ಟಿ ಮಾತ್ರ ಮನುಷ್ಯರದ್ದು, ಉಳಿದದ್ದು ಇನ್ನೂ ರಾಕ್ಷಸನದ್ದು. ನನಗೆ ಹೆದರಿಕೆ ಆಯಿತು. ಅವರು ನಕ್ಕರು. ಆ ನಗು ಮನುಷ್ಯರದ್ದೇ ಆಗಿತ್ತು.

ಆ ಕಥೆಯಲ್ಲಿ ಬಣ್ಣ ಒರೆಸಿದ ಮೇಲೆ ಅವನೇನು ಮಾಡಿದ ಗೊತ್ತಾ? ಪೊಲೀಸರಿಗೆ ಒಪ್ಪಿಸಲಿಲ್ಲ. ದೋಣಿಯಿಂದ ಅವಳು ನೀರಿಗೆ ಹಾರುತ್ತಾಳೆ, ಅವನ ಜೊತೆಗಾರ ಹುಡುಗ ರಾಬಿನ್ ಹಿಂದೆ ಹಾರಲು ಹೊರಟರೆ ಇವನು ಅಡ್ಡ ಬರುತ್ತಾನೆ. ಬೇಕಂತಲೇ ಅಡ್ಡ ಬಂದದ್ದು ಅಂತ ಹುಡುಗನಿಗೂ ಗೊತ್ತಾಗುತ್ತದೆ. ಯಾವ ಕಳ್ಳನನ್ನೂ ಬಿಡದವನು ಒಬ್ಬಳನ್ನು ಬಿಟ್ಟ. ಬದಲಾದದ್ದು ಅವಳು ಅಂತ ಎಲ್ಲರೂ ಹೇಳುತ್ತಾರೆ. ಪುಟ ತೆಗೆದು ನೋಡಿ, ಮೊದಲು ಬದಲಾದದ್ದು ಅವನು.

ಅವಳು ಒಳ್ಳೆಯವಳಾದದ್ದು 1951ರ ಹೊತ್ತಿಗೆ. ಆದರೆ ಹೇಗೆ ಅಂದರೆ ನನಗೆ ಇವತ್ತಿಗೂ ಬೇಜಾರು. ಅವನ ಜೀವ ಉಳಿಸಲು ಹೋಗಿ ತಲೆಗೆ ಪೆಟ್ಟು ಬೀಳುತ್ತದೆ, ತಕ್ಷಣ ಎಲ್ಲ ನೆನಪಾಗುತ್ತದೆ. ತಾನು ನಿಜವಾಗಿ ಗಗನಸಖಿ, ವಿಮಾನ ಅಪಘಾತದಲ್ಲಿ ನೆನಪು ಹೋಗಿತ್ತು, ಇಷ್ಟು ವರ್ಷ ಕದ್ದದ್ದು ತಾನೇ ಅಲ್ಲ ಅನ್ನುವ ಹಾಗೆ. ಆಮೇಲೆ ಕಳ್ಳತನ ಬಿಟ್ಟು ಸುಮ್ನೆ ಇರುತ್ತಾಳೆ. 1954ರ ಜನವರಿಯ ಸಂಚಿಕೆಯಲ್ಲಿ ಒಂದು ಪೇಪರಿನವರು ಬ್ಯಾಟ್‌ಮ್ಯಾನ್ ಅವಳನ್ನು ಹಿಡಿದ ಹಳೆ ಕಥೆಗಳನ್ನು ಮತ್ತೆ ಹಾಕುತ್ತಾರೆ, ಕಳ್ಳರೆಲ್ಲ ಸೇರಿ ಅವಳನ್ನು ಗೇಲಿ ಮಾಡುತ್ತಾರೆ. ಅವಳು ತಡೆಯಲಾರದೆ ಮತ್ತೆ ವೇಷ ಹಾಕುತ್ತಾಳೆ. ಅದೇ ವರ್ಷ ಅಮೆರಿಕದ ಕಾಮಿಕ್ಸ್‌ಗೆ ಬಿಗಿಯಾದ ನೀತಿಸಂಹಿತೆ ಬಂತು. ಇಂಥ ಹೆಣ್ಣಿಗೆ ಅಲ್ಲಿ ಜಾಗ ಇರಲಿಲ್ಲ. 1966ರವರೆಗೆ ಅವಳು ಪುಟಗಳಿಂದಲೇ ಮಾಯ.

ಹಳೆಯದು ಮರೆತುಹೋಗಿತ್ತು ಅಂದರೆ ಮಾತ್ರ ಒಳ್ಳೆಯವಳಾಗಲು ಸಾಧ್ಯ ಅಂತ ಬರೆದವರು ಅಂದುಕೊಂಡಿದ್ದರು. ಜನರೂ ಮರೆಯಬೇಕಲ್ಲ. ಅವರು ಮರೆಯಲಿಲ್ಲ.

ಇದಕ್ಕೆ ಉತ್ತರ ಬಂದದ್ದು 1983ರಲ್ಲಿ. ಈ ಕಾಮಿಕ್ಸ್ ತರುವ ಕಂಪನಿಯವರು ಹಳೆ ಕಥೆಗಳ ಬ್ಯಾಟ್‌ಮ್ಯಾನ್‌ನನ್ನು ಬೇರೆಯೇ ಒಂದು ಭೂಮಿಯಲ್ಲಿ ಇಟ್ಟಿದ್ದರು, ಅಲ್ಲಿ ಅವನಿಗೆ ವಯಸ್ಸಾಗುತ್ತದೆ, ಕೂದಲು ನರೆಯುತ್ತದೆ. ಆ ಬ್ರೂಸ್ ತನ್ನ ಕಥೆ ತಾನೇ ಬರೆದ ಹಾಗಿದೆ ಈ ಸಂಚಿಕೆ. ಶತ್ರು ಕೊಟ್ಟ ಒಂದು ವಿಷದಿಂದ ಅವನ ಹತ್ತಿರದವರೆಲ್ಲ ಒಬ್ಬೊಬ್ಬರಾಗಿ ಕಣ್ಣೆದುರಿಂದ ಮರೆಯಾಗುತ್ತಾರೆ. ಸಹಾಯ ಕೇಳಲು ಉಳಿದವಳು ಸೆಲಿನಾ. ಆ ರಾತ್ರಿ ಅವಳು ಬಾಯಿ ಬಿಡುತ್ತಾಳೆ. ನೆನಪು ಹೋದ ಕಥೆ ಸುಳ್ಳಾಗಿತ್ತು. ಎಲ್ಲ ನೆನಪಿತ್ತು. ಹೊಸದಾಗಿ ಬದುಕಬೇಕು ಅಂತ ಆಸೆ ಇತ್ತು, ಅದಕ್ಕೆ ಬೇರೆ ದಾರಿ ಕಾಣಲಿಲ್ಲ. ಮೊದಲ ಕಳ್ಳತನ ಮಾಡಿದ್ದು ಸ್ವಂತ ಗಂಡನ ಮನೆಯಲ್ಲಿ. ಅವನು ಶ್ರೀಮಂತ, ಕೈ ಮಾಡುತ್ತಿದ್ದವನು. ಅವನ ತಿಜೋರಿಯಲ್ಲಿ ಇದ್ದ ತನ್ನದೇ ಒಡವೆಗಳನ್ನು ಅವಳು ಕದ್ದಳು.

ಈ ಪುಟ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ತನ್ನದನ್ನೇ ಕದಿಯಬೇಕಾಗಿ ಬಂದ ಹೆಣ್ಣು. ಕಳ್ಳಿ ಅಂತ ಹೆಸರು ಬಂತು, ಆಮೇಲೆ ಬದಲಾಗಬೇಕು ಅನ್ನಿಸಿದಾಗ 'ಅದು ನಾನಲ್ಲ' ಅಂತ ಸುಳ್ಳು ಹೇಳಬೇಕಾಯಿತು. ಅದು ನಾನೇ ಅಂತ ಹೇಳಿಯೂ ನಿಲ್ಲಬಹುದಾದ ಒಂದೇ ಜಾಗ ಅವನೆದುರು. ಅವನೂ ಮುಖವಾಡ ತೆಗೆಯುತ್ತಾನೆ. ಇವರಿಬ್ಬರಿಗೆ ಮದುವೆ ಆಗುತ್ತದೆ. ಮಗಳೂ ಹುಟ್ಟುತ್ತಾಳೆ, ಹೆಲೆನಾ. ಅವಳ ಕಥೆ ಇದಕ್ಕೂ ಮುಂಚೆ, 1977ರಲ್ಲೇ ಬಂದಿತ್ತು.

ಈಗ ನಮ್ಮೂರಿನ ಒಂದು ವಿಷಯ. ನಮ್ಮ ಹಳೆ ಮನೆಯ ಹತ್ತಿರ ಒಬ್ಬ ಅಣ್ಣ ಇದ್ದರು. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಎರಡು ಮೂರು ಅಂಗಡಿಯ ಗಲ್ಲಕ್ಕೆ ಕೈ ಹಾಕಿ ಸಿಕ್ಕಿಬಿದ್ದವರು. ಆಮೇಲೆ ಬೊಂಬಾಯಿಗೆ ಹೋಗಿ ಕ್ಯಾಂಟೀನ್‌ನಲ್ಲಿ ದುಡಿದರು, ವರ್ಷಗಳ ನಂತರ ಊರಿಗೆ ಬಂದು ಒಂದು ಟೆಂಪೊ ಇಟ್ಟುಕೊಂಡರು, ಮದುವೆಯಾದರು. ಇನ್ನೊಬ್ಬರ ಒಂದು ರೂಪಾಯಿ ಮುಟ್ಟಿದವರಲ್ಲ. ಆದರೂ ಜನ ಹೇಳುತ್ತಿದ್ದದ್ದು "ಹೆಂಡ್ತಿ ಬಂದು ಸರಿ ಮಾಡಿದ್ಳು" ಅಂತಲೇ. ಬೊಂಬಾಯಿಯ ಅಷ್ಟು ವರ್ಷ ಯಾರಿಗೂ ಕಾಣಲಿಲ್ಲ.

ಒಂದು ಮದುವೆಯಲ್ಲಿ ಅವರೇ ಟೆಂಪೊದಲ್ಲಿ ಪಾತ್ರೆ ತಂದಿದ್ದರು. ಹತ್ತೂವರೆ ಹೊತ್ತಿಗೆ ಮದುಮಗಳ ದೊಡ್ಡಮ್ಮನ ಬಳೆ ಕಾಣುವುದಿಲ್ಲ ಅಂತ ಗಲಾಟೆ ಶುರುವಾಯಿತು. ಯಾರೂ ಏನೂ ಹೇಳಲಿಲ್ಲ. ಆದರೆ ಹಾಲ್‌ನ ಅರ್ಧ ಜನ ಅವರ ಕಡೆ ತಿರುಗಿದ್ದನ್ನು ನಾನು ನೋಡಿದೆ. ನಾನೂ ತಿರುಗಿದ್ದೆ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ಅವರ ಹೆಂಡತಿ, ಆ ಅಕ್ಕ, ಒಂದು ಬೆಂಚಿನ ಮೇಲೆ ಕೂತು ಅಟ್ಟೆ ಮಲ್ಲಿಗೆ ಬಿಚ್ಚಿ, ಕತ್ತರಿಯಲ್ಲಿ ಗೇಣುದ್ದ ಕತ್ತರಿಸಿ, ಬಂದ ಹೆಂಗಸರಿಗೆ ಮುಡಿಯಲು ಕೊಡುತ್ತಿದ್ದರು. ಬಳೆ ಅನ್ನುವ ಮಾತು ಅವರ ಕಿವಿಗೂ ಬಿತ್ತು. ಕತ್ತರಿ ನಿಲ್ಲಲಿಲ್ಲ. ಗಂಡನ ಕಡೆ ತಲೆ ಎತ್ತಿ ನೋಡಲಿಲ್ಲ. ಮುಂದಿನ ತುಂಡು ಅಳೆದು ಕತ್ತರಿಸಿ ನನ್ನ ಕೈಗೆ ಕೊಟ್ಟರು. ಬಳೆ ಸಿಕ್ಕಿತು, ಆ ದೊಡ್ಡಮ್ಮನ ಬ್ಯಾಗಿನಲ್ಲೇ, ಕೈ ತೊಳೆಯುವಾಗ ತೆಗೆದು ಕರ್ಚೀಫಿನಲ್ಲಿ ಸುತ್ತಿ ಇಟ್ಟಿದ್ದರಂತೆ.

ತುಂಬ ದಿನ ಕಳೆದ ಮೇಲೆ ಆ ಅಕ್ಕನ ಹತ್ತಿರ ಕೇಳಿದೆ, ಅವತ್ತು ನೀವು ನೋಡಲೇ ಇಲ್ಲ ಅಲ್ವಾ ಅಂತ. "ಎಂತಕ್ಕೆ ನೋಡುವುದು? ಪಾತ್ರೆ ಇಳಿಸಿ ಅವರಿಗೆ ಸಾಕಾಗಿತ್ತು ಮಾರಾಯ್ತಿ, ಬೆಳಿಗ್ಗಿಂದ ಚಾ ಕೂಡ ಕುಡಿದಿರಲಿಲ್ಲ" ಅಂದರು. ಅಷ್ಟೇ.

ಅವನ ಕೆಲಸ ಬೇರೆ ಇತ್ತು ಅಂದೆನಲ್ಲ, ಆ ಕೆಲಸ ಇದು. ಕಳೆದುಹೋದ ವಸ್ತುವಿನ ಸುದ್ದಿ ಬಂದಾಗ ತಲೆ ತಿರುಗಿಸದೆ ಇರುವುದು. ಎಂಬತ್ತು ವರ್ಷದ ಕಥೆಯಲ್ಲಿ ಬ್ಯಾಟ್‌ಮ್ಯಾನ್ ಕೆಲವು ಸಲ ಇದರಲ್ಲಿ ಗೆದ್ದಿದ್ದಾನೆ, ಕೆಲವು ಸಲ ಸೋತಿದ್ದಾನೆ.

ಸೋತದ್ದು 'ಹಷ್' ಕಥೆಯಲ್ಲಿ. 2002ರಿಂದ 2003ರವರೆಗೆ ಹನ್ನೆರಡು ಸಂಚಿಕೆ ಬಂತು. ಇದರಲ್ಲಿ ಅವನು ತಾನಾಗಿ ಮುಖವಾಡ ತೆಗೆದು, ತಾನು ಯಾರು ಅಂತ ಅವಳಿಗೆ ತೋರಿಸುತ್ತಾನೆ. ಓದುವವರಿಗೆಲ್ಲ ಆ ಪುಟ ಇಷ್ಟ. ನನಗೆ ಕೊನೆಯ ಪುಟಗಳೇ ಮುಖ್ಯ. ಹಷ್ ಅನ್ನುವುದು ಕಥೆಯ ಶತ್ರುವಿನ ಹೆಸರು, ಇಂಗ್ಲಿಷ್‌ನಲ್ಲಿ ಅದಕ್ಕೆ 'ಶ್, ಸುಮ್ಮನಿರು' ಅಂತ ಅರ್ಥ. ಬ್ಯಾಟ್‌ಮ್ಯಾನ್‌ನನ್ನು ಸುಮ್ಮನಾಗಿಸಲು ಸೆಲಿನಾ ಬಾಯಿಂದ ಸಹಜವಾಗಿ ಆ ಶಬ್ದ ಬರುತ್ತದೆ. ತಕ್ಷಣ ಅವನಿಗೆ ಅನುಮಾನ, ಆ ಶಬ್ದವೇ ಯಾಕೆ ಬಂತು ಅಂತ. ಮುಖ ತೋರಿಸಿದ್ದ, ಹೆಸರು ಹೇಳಿದ್ದ, ಒಂದು ಶಬ್ದಕ್ಕೆ ಎಲ್ಲ ಮುರಿಯಿತು. ಅವಳು ಹೊರಟು ಹೋಗುತ್ತಾಳೆ. ಹೋದದ್ದೇ ಸರಿ.

ಗೆದ್ದದ್ದು ಇನ್ನೊಂದು ಕಡೆ, 2016-17ರ ಸಂಚಿಕೆಗಳಲ್ಲಿ. ಸೆಲಿನಾ ಮೇಲೆ 237 ಜನರನ್ನು ಕೊಂದ ಆರೋಪ. ಅವಳೂ ಅಲ್ಲ ಅನ್ನುವುದಿಲ್ಲ. ಎಲ್ಲರೂ ನಂಬಿದ್ದಾರೆ, ಇವನೊಬ್ಬ ನಂಬುವುದಿಲ್ಲ. ಮಾಡಿದವಳು ಅವಳ ಬಾಲ್ಯದ ಗೆಳತಿ ಹಾಲಿ ರಾಬಿನ್‌ಸನ್. ಗೆಳತಿಯನ್ನು ಉಳಿಸಲು ಇವಳು ತನ್ನ ತಲೆ ಮೇಲೆ ಹಾಕಿಕೊಂಡಿದ್ದಳು. ಅವಳೇ ಒಪ್ಪಿಕೊಂಡರೂ ಅವಳನ್ನು ನಂಬುವುದು, ಇದಕ್ಕಿಂತ ಜಾಸ್ತಿ ಇನ್ನೇನು ಬೇಕು? ಆ ಕಥೆಯ ಮಧ್ಯೆ ಇಬ್ಬರೂ ಮೊದಲು ಸಿಕ್ಕಿದ್ದು ಎಲ್ಲಿ ಅಂತ ವಾದ ಮಾಡುತ್ತಾರೆ. ಅವನು ದೋಣಿಯಲ್ಲಿ ಅನ್ನುತ್ತಾನೆ, ಅದು 1940ರ ಕಥೆ. ಅವಳು ಬೀದಿಯಲ್ಲಿ ಅನ್ನುತ್ತಾಳೆ, ಅದು 1987ರಲ್ಲಿ ಹೊಸದಾಗಿ ಬರೆದ ಕಥೆ. ಇಬ್ಬರೂ ಬಿಟ್ಟುಕೊಡುವುದಿಲ್ಲ. ನನ್ನ ಅಜ್ಜ ಅಜ್ಜಿ ತಮ್ಮ ಹೆಣ್ಣು ನೋಡುವ ಶಾಸ್ತ್ರದ ದಿನ ಮಳೆ ಇತ್ತಾ ಬಿಸಿಲಿತ್ತಾ ಅಂತ ಎಪ್ಪತ್ತರ ವಯಸ್ಸಿನಲ್ಲೂ ಜಗಳ ಆಡುತ್ತಿದ್ದರು, ಥೇಟ್ ಹಾಗೆಯೇ.

2017ರಲ್ಲಿ ಅವನು ಮದುವೆ ಆಗುತ್ತೀಯಾ ಅಂತ ಕೇಳುತ್ತಾನೆ. ಉಂಗುರಕ್ಕೆ ಇಟ್ಟದ್ದು ಅವಳು ಹಿಂದೆ ಕದ್ದಿದ್ದ ವಜ್ರ. 1951ರ ಆ ಮರೆವಿನ ಕಥೆಯ ಪಕ್ಕದಲ್ಲಿ ಈ ವಜ್ರ ಇಟ್ಟು ನೋಡಿ. ಅಲ್ಲಿ ಹಳೆಯದನ್ನು ಅಳಿಸಬೇಕಿತ್ತು. ಇಲ್ಲಿ ಅದನ್ನೇ ಬೆರಳಿಗೆ ಹಾಕುತ್ತಾನೆ.

ಹಾಗಾದರೆ ಮದುವೆ ಆಯಿತಾ? ಈ ಭೂಮಿಯಲ್ಲಿ ಆಗಲಿಲ್ಲ. 2018ರ ಜುಲೈ, 50ನೆಯ ಸಂಚಿಕೆ. ಅವನು ಮಹಡಿಯ ಮೇಲೆ ಕಾಯುತ್ತಾ ನಿಂತಿದ್ದಾನೆ, ಅವಳು ಬರುವುದಿಲ್ಲ. ಅವನಿಗೆ ಸುಖ ಸಿಕ್ಕಿದರೆ ಬ್ಯಾಟ್‌ಮ್ಯಾನ್ ಅನ್ನುವವನೇ ಇರುವುದಿಲ್ಲ, ಊರಿಗೆ ಅವನು ಬೇಕು ಅಂತ ಬೇರೆಯವರು ಅವಳ ಕಿವಿಗೆ ತುಂಬಿದ್ದರು. 1954ರಲ್ಲಿ ಕಳ್ಳರ ಗೇಲಿ ಕೇಳಿ ಹೋದಳು, 2018ರಲ್ಲಿ ಈ ಮಾತು ಕೇಳಿ ಹೋದಳು. ಕೈಕೊಟ್ಟಳು ಅಂತ ಅವಳನ್ನು ಬೈಯುವವರು ತುಂಬ ಜನ ಇದ್ದಾರೆ. ನನಗೆ ಬೈಯಲು ಆಗುವುದಿಲ್ಲ. ಅರವತ್ತು ವರ್ಷ ಕಳೆದರೂ ಅವಳ ಬಗ್ಗೆ ಅವಳಿಗಿಂತ ಜಾಸ್ತಿ ಊರಿಗೇ ಗೊತ್ತು ಅಂತ ಅವಳನ್ನು ನಂಬಿಸಿದವರ ಮೇಲೆ ನನ್ನ ಸಿಟ್ಟು.

ಓದಬೇಕು ಅನ್ನಿಸಿದರೆ 1983ರದ್ದರಿಂದ ಶುರು ಮಾಡಿ, 1940ರದ್ದನ್ನು ಆಮೇಲೆ ಓದಿ. ನಮ್ಮ ಮನೆ ಕಡೆ ಬಂದರೆ ಕಪಾಟಿನಲ್ಲಿ ಎರಡೂ ಉಂಟು, ಎಡಗಡೆ ಮೇಲಿನ ಸಾಲು. ಇಲ್ಲೇ ಕೂತು ಓದಿ, ಕಾಫಿ ಕೊಡುತ್ತೇನೆ.