ಮುತ್ಯಾ ಗೋಡೆಗೆ ಬರೆದ ಕಾರಣಿಕ

ತಾಳಿಕೋಟೆ ಹತ್ತಿರ ನಮ್ಮ ಊರು. ಅಲ್ಲಿ ನಮ್ಮ ಮನೆಯ ಪಡಸಾಲಿ ಗೋಡೆ ಮೇಲೆ ಇದ್ದಿಲಿನಲ್ಲಿ ಬರೆದ ಸಾಲುಗಳಿವೆ. ವರ್ಷಕ್ಕೊಂದು ಸಾಲು. ಎಲ್ಲವೂ ಮೈಲಾರದ ಕಾರಣಿಕ, ಅಂದರೆ ಅಲ್ಲಿಯ ಜಾತ್ರೆಯಲ್ಲಿ ನುಡಿಯುವ ಒಗಟಿನಂಥ ಭವಿಷ್ಯವಾಣಿ. ಬರೆದವರು ನಮ್ಮ ಮುತ್ಯಾ, ಅಂದರೆ ಅಜ್ಜ. ಸುಣ್ಣ ಹಚ್ಚುವಾಗಲೂ ಅಷ್ಟು ಜಾಗ ಬಿಡಲೇಬೇಕು.

ಮೈಲಾರ ಹೂವಿನಹಡಗಲಿ ತಾಲ್ಲೂಕಿನಲ್ಲಿದೆ, ನಮಗೆ ದೂರ. ಭಾರತ ಹುಣ್ಣಿಮೆ ಜಾತ್ರೆಗೆ ಹೋದವರು ಭಂಡಾರದ ಜೊತೆ ಆ ಒಂದು ಮಾತನ್ನೂ ಊರಿಗೆ ತರುತ್ತಿದ್ದರು. ಚಿಕ್ಕವಳಿದ್ದಾಗ ಒಮ್ಮೆ ಮುತ್ಯಾನ ಹೆಗಲ ಮೇಲೆ ಕೂತು ನಾನೂ ನೋಡಿದ್ದೇನೆ. ಕಾರಣಿಕ ನಡೆಯುವ ಡೆಂಗನಮರಡಿ ಬಯಲ ತುಂಬ ಜನ, 'ಏಳು ಕೋಟಿಗೋ ಛಾಂಗಮಲೋ' ಎಂಬ ಕೂಗು. ಉಪವಾಸವಿದ್ದ ಗೊರವಯ್ಯ, ಅಂದರೆ ಕಾರಣಿಕ ನುಡಿಯುವ ಮೈಲಾರಲಿಂಗನ ಭಕ್ತ, ಎತ್ತರದ ಬಿಲ್ಲು ಏರಿ 'ಸದ್ದಲೇ' ಎಂದರು. ಎಲ್ಲರೂ ಗಪ್ಪಾದರು. ಒಂದೇ ಮಾತು ನುಡಿದು ಮೇಲಿಂದ ಬಿದ್ದರು, ಕೆಳಗಿದ್ದವರು ಹಿಡಿದುಕೊಂಡರು. ಆಮೇಲೆ ಸುತ್ತಲೂ ಒಂದೇ ಪ್ರಶ್ನೆ: "ಏನಂದ್ರು? ಹಂಗಂದ್ರ ಏನು?" ದಾರಿಯುದ್ದಕ್ಕೂ ಅದೇ ಮಾತು.

2023ರಲ್ಲಿ ಕಾರಣಿಕ ಮೊಬೈಲಿಗೇ ಬಂತು: 'ಅಂಬಲಿ ಹಳಸೀತು, ಕಂಬಳಿ ಬೀಸೀತಲೇ ಪರಾಕ್'. ಅದು ಚುನಾವಣೆ ವರ್ಷ. ಕಂಬಳಿ ಅಂದರೆ ಕುರುಬ ಸಮುದಾಯದ ಸಿದ್ದರಾಮಯ್ಯ ಎಂದು ಹಲವರು ಅರ್ಥ ಹಚ್ಚಿದರು. ಮೇ ತಿಂಗಳಲ್ಲಿ ಅವರು ಮುಖ್ಯಮಂತ್ರಿಯೂ ಆದರು. ಮುತ್ಯಾ ಮಾತ್ರ ಅಂಬಲಿ ಹಿಡಿದು ಕೂತರು. "ಉಂಡು ಮಿಕ್ಕರ ತಾನ ಹಳಸೂದು? ಬೆಳಿ ಚಲೋ ಬರ್ತೈತಿ ನೋಡು" ಎಂದರು. ತೊಗರಿ ಜಾಸ್ತಿ ಹಾಕಿಸಿದರು.

ಆ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ನಮ್ಮ ತೊಗರಿ ಮೊಣಕಾಲೆತ್ತರಕ್ಕೇ ಒಣಗಿ ನಿಂತಿತು. ನನಗೆ ಸಿಟ್ಟು ಬಂತು. ಕಾರಣಿಕ ಸುಳ್ಳಾಯ್ತಲ್ಲ ಅಂದೆ. "ನುಡಿ ಸುಳ್ಳಲ್ಲವ್ವಾ, ನಾ ಕೇಳಿದ್ದು ತಪ್ಪ" ಎಂದರು ಮುತ್ಯಾ.

ಆಗ ನನಗೆ ಕ್ರೀಸಸ್ ನೆನಪಾದ. ಲಿಡಿಯಾದ ದೊರೆ, ಕ್ರಿ.ಪೂ. 6ನೇ ಶತಮಾನದವನು. ಪರ್ಷಿಯಾದ ಮೇಲೆ ಯುದ್ಧಕ್ಕೆ ಹೋಗಲೇ ಎಂದು ಗ್ರೀಸಿನ ಡೆಲ್ಫಿಗೆ ಕೇಳಿ ಕಳಿಸಿದ. ಅಲ್ಲಿ ಅಪೊಲೊ ದೇವರ ಪೂಜಾರಿಣಿ ನುಡಿ ಕೊಡುತ್ತಿದ್ದಳು. ಹೋದರೆ ದೊಡ್ಡ ರಾಜ್ಯವೊಂದು ಅಳಿಯುತ್ತದೆ ಎಂಬ ಉತ್ತರ ಬಂತು. ಅವನು ಹೋದ. ಅಳಿದದ್ದು ಅವನದೇ ರಾಜ್ಯ. ಸೋತ ಮೇಲೆ ದೂರಿದನಂತೆ. ಯಾರ ರಾಜ್ಯ ಎಂದು ನೀನು ಮತ್ತೆ ಕೇಳಬೇಕಿತ್ತು ಎಂದು ಡೆಲ್ಫಿಯಿಂದ ಉತ್ತರ ಬಂತು ಅಂತ ಹೆರೊಡೊಟಸ್ ಬರೆದಿದ್ದಾನೆ.

ಇಂಥ ಒಗಟು ನುಡಿಯನ್ನು ಜಾಣ ನುಣುಚು ಮಾತು ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬಿಡಿಸಿ ಹೇಳಿದ್ದರೆ ಮುತ್ಯಾ ಒಮ್ಮೆ ಕೇಳಿ ಮರೆಯುತ್ತಿದ್ದರು. ಒಗಟಾಗಿದ್ದಕ್ಕೇ ಇಡೀ ವರ್ಷ ಮೋಡ ನೋಡುವಾಗ, ಹೊಲ ನೋಡುವಾಗ ಅದು ಅವರ ಬಾಯಲ್ಲಿತ್ತು. ನಾವು ಅದರಲ್ಲಿ ಹುಡುಕಿದ್ದು ನಮ್ಮ ಆಸೆಯನ್ನು, ಅಲ್ವಾ?

ಈ ಸಲ ಊರಿಗೆ ಹೋದಾಗ ಗೋಡೆ ನೋಡಿದೆ. 2023ರ ಸಾಲನ್ನು ಮುತ್ಯಾ ಅಳಿಸಿಲ್ಲ. ಅದರ ಕೆಳಗೆ ಸಣ್ಣದಾಗಿ, ಇದ್ದಿಲಿನಲ್ಲೇ, ಬರೆದಿದ್ದಾರೆ: 'ಯಾರ ಅಂಬಲಿ?'