ಕೊಬ್ಬರಿ ಎಣ್ಣೆ ಯಾಕೆ ಕೆಂಪಾಗಲಿಲ್ಲ

ಶಂಕರಘಟ್ಟ, ಫೆಬ್ರವರಿ 27, 2024, ಮಂಗಳವಾರ ರಾತ್ರಿ

ವಿಜ್ಞಾನ ಸಪ್ತಾಹದ ಬೆಳಗಿನ ಎರಡು ಉಪನ್ಯಾಸಗಳ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಎರಡನೆಯವರು ಸ್ಲೈಡುಗಳನ್ನು 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಸಿ ತಂದಿದ್ದರು. ಸೆಮಿನಾರ್ ಹಾಲಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ, ಪರದೆ ತುಂಬ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ. ಯೂನಿಕೋಡಿನಲ್ಲಿ ಬರೆಯಿರಿ, ಇಲ್ಲವಾದರೆ ಪಿಡಿಎಫ್ ಮಾಡಿ ತನ್ನಿ, ಫಾಂಟ್ ಅದರೊಳಗೇ ಸೇರಿ ಬರುತ್ತದೆ ಅಂತ ಆಹ್ವಾನ ಪತ್ರದಲ್ಲೇ ಹಾಕಿತ್ತು. ಆಹ್ವಾನ ಪತ್ರದಲ್ಲಿ ಊಟದ ಹೊತ್ತು ಬಿಟ್ಟು ಬೇರೇನನ್ನೂ ಯಾರೂ ಓದುವುದಿಲ್ಲ.

ತಲೆಯಲ್ಲಿ ಉಳಿದಿರುವುದು ಮಧ್ಯಾಹ್ನದ ಪ್ರದರ್ಶನ. ಹೊರಗಿನ ಕಾಲೇಜೊಂದರ ಬಿಎಸ್ಸಿ ಮಕ್ಕಳ ಮೇಜಿನ ಮುಂದೆ ಜನ ಕಿಕ್ಕಿರಿದಿದ್ದರು. ಹಸಿರು ಲೇಸರ್, ಎರಡು ಗಾಜಿನ ಬಾಟಲಿ, ಮೇಲೆ 'ರಾಮನ್ ಪರಿಣಾಮ: ಕಣ್ಣಾರೆ ನೋಡಿ' ಅಂತ ಬೋರ್ಡು. (ರಾಮನ್ ಪರಿಣಾಮ ಎಂದರೆ ವಸ್ತುವಿನೊಳಗೆ ಹೋದ ಬೆಳಕಿನ ಅತಿ ಚಿಕ್ಕ ಪಾಲು ಅಣುಗಳಿಗೆ ತಾಗಿ ಬಣ್ಣ ಬದಲಿಸಿ ಚದುರುವುದು.) ಒಂದರಲ್ಲಿ ಆಲಿವ್ ಎಣ್ಣೆ, ಇನ್ನೊಂದರಲ್ಲಿ ಕೊಬ್ಬರಿ ಎಣ್ಣೆ. ಹಸಿರು ಕಿರಣ ಆಲಿವ್ ಎಣ್ಣೆಯೊಳಗೆ ಹೋದದ್ದೇ ಕೆಂಪು ಬೆರೆತ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಹಸಿರು ಹಸಿರಾಗಿಯೇ ಉಳಿಯುತ್ತದೆ. (ಬೆಳಿಗ್ಗೆ ಅದು ಹೆಪ್ಪುಗಟ್ಟಿ ಕೂತಿತ್ತು, ಬಿಸಿಲಿಗಿಟ್ಟು ಕರಗಿಸಿದ್ದರು. 24 ಡಿಗ್ರಿಗಿಂತ ಕೆಳಗಿಳಿದರೆ ಕೊಬ್ಬರಿ ಎಣ್ಣೆ ಗಟ್ಟಿ, ಗಟ್ಟಿಯಾದದ್ದರೊಳಗೆ ಕಿರಣವೇ ಕಾಣದು, ಬರೀ ಹಸಿರು ಮಬ್ಬು.)

ಲಕ್ಕವಳ್ಳಿ ಕಡೆಯ ಹೈಸ್ಕೂಲ್ ಹುಡುಗಿ, ಎಂಟನೇ ತರಗತಿಯೋ ಒಂಬತ್ತೋ ಇರಬೇಕು, ಎರಡೂ ಬಾಟಲಿ ನೋಡಿ ಕೇಳಿದಳು, "ಅಕ್ಕಾ, ಕೊಬ್ಬರಿ ಎಣ್ಣೆ ಯಾಕೆ ಕೆಂಪಾಗಲ್ಲ?"

"ಅದರಲ್ಲಿ ರಾಮನ್ ಪರಿಣಾಮ ಇಲ್ಲ ಪುಟ್ಟಾ."

"ಯಾಕಿಲ್ಲ?"

"ಅದು ಬೇರೆ ಎಣ್ಣೆ ಅಲ್ವಾ."

ಹುಡುಗಿ ತಲೆಯಾಡಿಸಿ ಮುಂದಿನ ಮೇಜಿಗೆ ಹೋದಳು, ಒಪ್ಪಿದ ಮುಖವಂತೂ ಅಲ್ಲ. ಒಪ್ಪದಿದ್ದದ್ದೇ ಸರಿ. 1928ರ ಮಾರ್ಚ್ 31ರ 'ನೇಚರ್' ಪತ್ರಿಕೆಯಲ್ಲಿ ರಾಮನ್ ಮತ್ತು ಅವರ ಸಹೋದ್ಯೋಗಿ ಕೆ.ಎಸ್. ಕೃಷ್ಣನ್ ಬರೆದ ಪುಟ್ಟ ಟಿಪ್ಪಣಿಯ ಮುಖ್ಯ ಮಾತೇ ಇದು: ಸುಮಾರು 60 ಸಾಮಾನ್ಯ ದ್ರವಗಳನ್ನು ಪರೀಕ್ಷಿಸಿದ್ದೇವೆ, ಹೆಚ್ಚೋ ಕಡಿಮೆಯೋ ಪ್ರತಿಯೊಂದರಲ್ಲೂ ಈ ಪರಿಣಾಮ ಕಂಡಿದೆ. ಒಂದು ಎಣ್ಣೆಯಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ ಎಂದರೆ ಅದು ರಾಮನ್ ಪರಿಣಾಮವೇ ಅಲ್ಲ. ಆಲಿವ್ ಎಣ್ಣೆಯಲ್ಲಿ ಕಾಣುವುದು ಕ್ಲೋರೋಫಿಲ್‌ನ ಪ್ರತಿದೀಪ್ತಿ. ಪ್ರತಿದೀಪ್ತಿ ಎಂದರೆ ಒಂದು ಬಣ್ಣದ ಬೆಳಕನ್ನು ಹೀರಿ ಇನ್ನೊಂದು ಬಣ್ಣವನ್ನು ಹೊರಬಿಡುವುದು. ಹಿಂಡಿದ ಕಾಯಿಯ ಹಸಿರು ಎಣ್ಣೆಗೂ ಇಳಿದಿರುತ್ತದೆ, ಅದು ಹಸಿರು ಬೆಳಕನ್ನು ಹೀರಿ 670–680 ನ್ಯಾನೋಮೀಟರ್ ಆಸುಪಾಸಿನ ಕೆಂಪನ್ನು ಹೊರಬಿಡುತ್ತದೆ. ಚದುರಿದ ಹಸಿರೂ ಜೊತೆಗೆ ಸೇರುವುದರಿಂದ ಕಣ್ಣಿಗೆ ಕಿತ್ತಳೆ. ರಿಫೈನ್ಡ್ ಆಲಿವ್ ಎಣ್ಣೆ ತಂದಿದ್ದರೆ ಅದೂ ಕೆಂಪಾಗುತ್ತಿರಲಿಲ್ಲ, ಬಣ್ಣ ತೆಗೆದಿರುತ್ತಾರೆ.

ಈ ಪ್ರಯೋಗ ಯೂಟ್ಯೂಬಿನಲ್ಲಿ ರಾಮನ್ ಹೆಸರಲ್ಲೇ ಓಡಾಡುತ್ತಿದೆ, ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ತೀರ್ಪುಗಾರರು ಅದಕ್ಕೆ ಬಹುಮಾನ ಕೊಟ್ಟದ್ದಕ್ಕೆ ಮಾತ್ರ ಸಮಾಧಾನವಾಗಲಿಲ್ಲ. ಯಾಕೆಂದರೆ ಕಲ್ಕತ್ತದಲ್ಲಿ ರಾಮನ್ ಗುಂಪಿನೊಳಗೆ ಐದು ವರ್ಷ ನಡೆದ ಜಗ್ಗಾಟವೇ ಇದು. 1923ರಲ್ಲಿ ಆ ಗುಂಪಿನ ಕೆ.ಆರ್. ರಾಮನಾಥನ್ ನೀರು, ಆಲ್ಕೋಹಾಲ್‌ಗಳಲ್ಲಿ ಸೂರ್ಯನ ಬೆಳಕು ಚದುರುವುದನ್ನು ನೋಡುವಾಗ ಬಣ್ಣ ಬದಲಾದ ಒಂದು ಕ್ಷೀಣ ಬೆಳಕು ಕಂಡಿತ್ತು. ದ್ರವದಲ್ಲಿನ ಕಲ್ಮಶದ ಪ್ರತಿದೀಪ್ತಿ ಇರಬೇಕು ಅಂತ ಮತ್ತೆ ಮತ್ತೆ ಶುದ್ಧ ಮಾಡಿ ನೋಡಿದರು, ಬೆಳಕು ಹೋಗಲಿಲ್ಲ. ಆಮೇಲೆ ಅದೇ ಗುಂಪಿನ ವೆಂಕಟೇಶ್ವರನ್ ಶುದ್ಧ ಗ್ಲಿಸರಿನ್‌ನಲ್ಲಿ ನೋಡಿದ ಹಸಿರು ಬೆಳಕು ಬಲವಾಗಿ ಧ್ರುವೀಕರಣಗೊಂಡಿತ್ತು, ಅಂದರೆ ಅದರ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿದ್ದವು. ಮಾಮೂಲಿ ಪ್ರತಿದೀಪ್ತಿ ಹಾಗಿರುವುದಿಲ್ಲ. 'ಇದು ಪ್ರತಿದೀಪ್ತಿ ಅಲ್ಲ' ಎಂದು ತೀರ್ಮಾನವಾದದ್ದೇ ಆವಿಷ್ಕಾರ. ನಾಳೆಯ ರಾಷ್ಟ್ರೀಯ ವಿಜ್ಞಾನ ದಿನಾಚರಣೆ ಅದಕ್ಕೇ. ಮುನ್ನಾ ದಿನ ಪ್ರತಿದೀಪ್ತಿಯನ್ನೇ ರಾಮನ್ ಅಂತ ಮೇಜಿನ ಮೇಲಿಟ್ಟರೆ ಹೇಗೆ ಮಾರಾಯ್ರೆ?

ಸಂಜೆ ಹಾಲ್ ಖಾಲಿಯಾದ ಮೇಲೆ ಆ ತಂಡದ ಜೊತೆ ಕೂತದ್ದಾಯಿತು. ಸಣ್ಣ ಮುಖ ಮಾಡಿಕೊಂಡಿದ್ದರು. "ಸರ್, ಹಾಗಾದ್ರೆ ಬೋರ್ಡ್ ತೆಗೀಬೇಕಾ?" ತೆಗೆಯುವುದೇನು ಬೇಡ, ಪಕ್ಕದಲ್ಲಿ ಇನ್ನೊಂದು ಮೇಜು ಹಾಕಿ, ಎರಡನ್ನೂ ಎದುರುಬದುರು ತೋರಿಸಿ ಅಂದೆ. ಯಾವುದು ಯಾವುದೆಂದು ಗುರುತಿಸುವುದು ಸುಲಭ, ಲೇಸರ್ ಬದಲಾಯಿಸಬೇಕು ಅಷ್ಟೆ. ರಾಮನ್ ಚದರಿಕೆಯಲ್ಲಿ ಅಣು ತನ್ನ ಕಂಪನಕ್ಕೆ ಬೇಕಾದಷ್ಟೇ ಶಕ್ತಿಯನ್ನು ಬೆಳಕಿನಿಂದ ತೆಗೆದುಕೊಳ್ಳುತ್ತದೆ, ಆ ಪಾಲು ಬದಲಾಗುವುದಿಲ್ಲ. ಇಂಗಾಲ–ಜಲಜನಕ ಬಂಧಕ್ಕೆ ಅದು, ಶಕ್ತಿಯನ್ನು ಅಲೆಗಳ ಲೆಕ್ಕದಲ್ಲಿ ಹೇಳಿದರೆ, ಸೆಂಟಿಮೀಟರಿಗೆ ಸುಮಾರು 2900 ಅಲೆ. 532 ನ್ಯಾನೋಮೀಟರಿನ ಹಸಿರು ಲೇಸರ್ ಹಾಕಿದರೆ ರಾಮನ್ ಬೆಳಕು 629ರ ಹತ್ತಿರ ಕೆಂಪಾಗಿ ಬರಬೇಕು, 405ರ ನೇರಳೆ ಹಾಕಿದರೆ 459ರ ಹತ್ತಿರ ನೀಲಿಯಾಗಿ. ಲೇಸರ್ ಸರಿದಂತೆ ಅದೂ ಸರಿಯುತ್ತದೆ. ಕ್ಲೋರೋಫಿಲ್ ಹಾಗಲ್ಲ, ಹಸಿರು ಹಾಕಿದರೂ ನೇರಳೆ ಹಾಕಿದರೂ ಅದೇ ಕೆಂಪು. ಕೆಂಪು ಲೇಸರ್ ತಂದರೆ ಕಣ್ಣಿಗೆ ಏನೂ ಸಿಗದು, 650ರಿಂದ ಹೊರಟ ರಾಮನ್ ಬೆಳಕು 800ರ ಆಚೆ ಅವಕೆಂಪಿಗೆ ಹೋಗಿಬಿಡುತ್ತದೆ.

ಪ್ರತಿದೀಪ್ತಿ ತೋರಿಸುವ ಮೊದಲ ಮೇಜಿಗೆ ಆಲಿವ್ ಎಣ್ಣೆಯೂ ಬೇಡ. ಒಂದು ಹಿಡಿ ಒಂದೆಲಗವೋ ಪಾಲಕ್ಕೋ ಜಜ್ಜಿ, 50 ಮಿಲಿಲೀಟರ್ ಸ್ಪಿರಿಟ್‌ನಲ್ಲಿ ಹತ್ತು ನಿಮಿಷ ನೆನೆಸಿ, ಫಿಲ್ಟರ್ ಕಾಗದದಲ್ಲಿ ಸೋಸಿದರೆ ಸಾಕು. ನೇರಳೆ ಬೆಳಕಿಗೆ ಹಿಡಿದರೆ ರಕ್ತಗೆಂಪು. ತೀರಾ ಗಾಢವಾದರೆ ಬೆಳಕು ಒಳಗಿಳಿಯದೆ ಅಂಚಿನಲ್ಲೇ ನಿಲ್ಲುತ್ತದೆ, ತಿಳಿ ಹಸಿರು ಬರುವ ತನಕ ಸ್ಪಿರಿಟ್ ಸೇರಿಸಬೇಕು. ಬಿಸಿಲಲ್ಲಿಟ್ಟರೆ ಬಣ್ಣ ಕೆಡುತ್ತದೆ, ಬೆಳಿಗ್ಗೆ ಬೆಳಿಗ್ಗೆಯೇ ಮಾಡಿಕೊಳ್ಳಬೇಕು.

ಕಷ್ಟ ರಾಮನ್ ಪರಿಣಾಮ ತೋರಿಸುವ ಎರಡನೇ ಮೇಜಿನದು. ಕೋಟಿಗೆ ಒಂದು ಲೆಕ್ಕದ ಫೋಟಾನ್ ಹಿಡಿಯುವ ಕೆಲಸ. ಶುದ್ಧ ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು, ಸ್ಯಾನಿಟೈಸರ್ ಆಗುವುದಿಲ್ಲ, ಅದರಲ್ಲಿ ಬಣ್ಣ, ವಾಸನೆ, ಗೋಂದು ಎಲ್ಲ ಇರುತ್ತದೆ. ಪ್ಲಾಸ್ಟಿಕ್ ಬಾಟಲಿಯೂ ಬೇಡ, ಪ್ಲಾಸ್ಟಿಕ್ಕೇ ಮಿನುಗಿ ಎಲ್ಲವನ್ನೂ ಮುಚ್ಚುತ್ತದೆ. ಒಂದು ಸೆಂಟಿಮೀಟರ್ ಅಗಲದ ಗಾಜಿನ ಕ್ಯೂವೆಟ್ (ದ್ರವ ಹಾಕಿ ಬೆಳಕು ಹಾಯಿಸುವ ಪುಟ್ಟ ಚೌಕ ಪಾತ್ರೆ), ಬೆರಳಚ್ಚು ಒರೆಸಿದ್ದು. ಲೇಸರನ್ನು ಸ್ಟ್ಯಾಂಡಿಗೆ ಕಟ್ಟಬೇಕು, ಕಣ್ಣಿನ ಮಟ್ಟಕ್ಕಿಂತ ಕೆಳಗೆ, ಕಿರಣದ ಕೊನೆಗೆ ಕಪ್ಪು ರಟ್ಟು. ಮಕ್ಕಳ ಕೈಗೆ ಮಾತ್ರ ಕೂಡದು. ಅಗ್ಗದ ಹಸಿರು ಪಾಯಿಂಟರಿನ ಮೈಮೇಲೆ 5 ಮಿಲಿವ್ಯಾಟ್ ಅಂತ ಬರೆದಿದ್ದರೂ ಒಳಗೆ ಹೆಚ್ಚಿರಬಹುದು. ಅದರ ಹಸಿರು ಹುಟ್ಟುವುದೇ 808 ಮತ್ತು 1064 ನ್ಯಾನೋಮೀಟರಿನ ಅವಕೆಂಪಿನಿಂದ, ಒಳಗಿನ ಫಿಲ್ಟರ್ ಕಳಪೆಯಾದರೆ ಅದೂ ಸೋರುತ್ತದೆ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ.

ನೋಡುವುದು ಪಕ್ಕದಿಂದ, ಕಿರಣಕ್ಕೆ ಅಡ್ಡಲಾಗಿ. ನಡುವೆ ಹಸಿರನ್ನು ಪೂರ್ತಿ ತಡೆಯುವ ಕಿತ್ತಳೆ ಫಿಲ್ಟರ್. 532ಕ್ಕೆಂದೇ ಮಾಡಿದ ಲೇಸರ್ ಕನ್ನಡಕ ಲ್ಯಾಬಿನಲ್ಲಿದೆ, ಅದೇ ಸಾಕು. ಕಿಟಕಿಗೆ ಕಪ್ಪು ಕಾಗದ ಅಂಟಿಸಿ, ಹದಿನೈದು ಇಪ್ಪತ್ತು ನಿಮಿಷ ಕತ್ತಲಲ್ಲಿ ಕೂತರೆ ಕಣ್ಣಿಗೆ ತೆಳು ಕೆಂಪು ಗೆರೆ ಕಂಡರೂ ಕಂಡೀತು. ಕಣ್ಣನ್ನು ನಂಬುವುದಕ್ಕಿಂತ ಕ್ಯಾಮರಾ ವಾಸಿ, ಸ್ಟ್ಯಾಂಡಿನ ಮೇಲಿಟ್ಟು 30 ಸೆಕೆಂಡ್ ತೆರೆದರೆ ಚಿತ್ರ ಬರುತ್ತದೆ. ಲೆನ್ಸಿನ ಮುಂದೆ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪೋಲರಾಯ್ಡ್ ಹಾಳೆ ಹಿಡಿದು ಒಂದು ಚಿತ್ರ, ಅದನ್ನು ಕಾಲು ಸುತ್ತು ತಿರುಗಿಸಿ ಇನ್ನೊಂದು. ಒಂದರಲ್ಲಿ ಗೆರೆ ಮಂಕಾದರೆ ವೆಂಕಟೇಶ್ವರನ್ ಕಂಡದ್ದೇ ನಮಗೂ ಕಂಡಂತೆ. ಹಾಳೆ ಬೇಕಾದರೆ ಕೆಟ್ಟ ಕ್ಯಾಲ್ಕುಲೇಟರಿನ ಪರದೆಯಿಂದ ಕಿತ್ತರಾಯಿತು. ಆಮೇಲೆ ಅದೇ ಜಾಗದಲ್ಲಿ ಅದೇ ಹೊತ್ತು ಕೊಬ್ಬರಿ ಎಣ್ಣೆ. ಅದರಲ್ಲೂ ಇಂಗಾಲ–ಜಲಜನಕ ಬಂಧ ಬೇಕಾದಷ್ಟಿದೆ, 629ರಲ್ಲಿ ಬರಲೇಬೇಕು. ಅಂಗಡಿಯ ಎಣ್ಣೆಯಲ್ಲಿ ಮಿನುಗುವ ಕಲ್ಮಶ ಎಷ್ಟಿದೆಯೋ, ಅದು ಗೆರೆಯನ್ನು ನುಂಗಿದರೂ ನುಂಗಬಹುದು. ನುಂಗಿದರೆ ಬೋರ್ಡಿನಲ್ಲಿ ಅದನ್ನೂ ಬರೆಯಬೇಕು.

ಆ ಶಾಲೆಯ ಮಕ್ಕಳು ನಾಳೆ ಬರುವುದಿಲ್ಲ, ಗುರುವಾರ ಬರುತ್ತಾರೆ. ಚಿತ್ರ ತೆಗೆದಿಟ್ಟರೆ ಹುಡುಗಿಗೆ ತೋರಿಸಬಹುದು.

ಗುರುವಾರ ಅಂದಾಗ ನೆನಪಾಯಿತು, ಬೀಗ ಹಾಕುವಾಗ ಅಟೆಂಡರ್ ಅಣ್ಣಯ್ಯ ತಡೆದು ನಿಲ್ಲಿಸಿದ. "ಸರ್, ಗುರುವಾರ ಹುಡ್ರನ್ನ ಆ ಕಾಲುದಾರೀಲಿ ಕರ್ಕಂಡ್ ಹೋಗ್ತೀರಂತೆ? ಅಲ್ಲಿ ಮೇದು ಬಂದ ದನದ ಕಿವಿ ನೋಡಿದೀರಾ? ಬರೀ ಉಣುಗು."

ಸಪ್ತಾಹದ ಪಟ್ಟಿಯಲ್ಲಿ 'ಪ್ರಕೃತಿ ನಡಿಗೆ' ಅಂತ ಚಂದ ಕಾಣುತ್ತದೆ. ಪಟ್ಟಿ ಮಾಡಿದವರು ತಿಂಗಳು ನೋಡಲಿಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಮ್ಮದೇ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಹೆಚ್ಚಾಗಿ ಮರಿ ಉಣುಗು, ಸಾಸಿವೆ ಕಾಳಿಗಿಂತ ಚಿಕ್ಕದು, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಒಣ ದರಗಿನ ಕಾಲವೇ ಅದರ ಕಾಲ, ಡಿಸೆಂಬರಿನಿಂದ ಮೇ ತನಕ. ಈ ವರ್ಷ ಮಳೆ ಬೇರೆ ಕೈಕೊಟ್ಟಿದೆ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಮೂರೂ ಕಡೆ ಕಾಯಿಲೆ ಇದೆ. ಹಳೆಯ ಲಸಿಕೆ ನಿಂತಿದೆ. ಉಳಿದದ್ದು ಮೈಗೆ ಉಣುಗನ್ನು ದೂರವಿಡುವ ಡೇಪಾ ಎಣ್ಣೆ, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ತಿಳಿ ಬಣ್ಣದ ಬಟ್ಟೆ, ನೆಲದ ಮೇಲೆ ಕೂರದಿರುವುದು. ಬಂದವರು ಬಿಸಿನೀರು ಸೋಪಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು. ಕಚ್ಚಿ ಕೂತಿದ್ದರೆ ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯುವುದು, ಬೆರಳಲ್ಲಿ ಹೊಸಕಬಾರದು. ಮೂರರಿಂದ ಎಂಟು ದಿನದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಆಸ್ಪತ್ರೆಯಲ್ಲಿ 'ಕಾಡಿಗೆ ಹೋಗಿದ್ದೆ' ಅಂತ ಮೊದಲು ಹೇಳಬೇಕು. ಇಷ್ಟನ್ನೂ ಚೀಟಿಯಲ್ಲಿ ಬರೆದು ಮಕ್ಕಳ ಕೈಯಲ್ಲಿ ಮನೆಗೆ ಕಳಿಸಬೇಕು, ಮನೆಯವರು ಓದಲಿ.

ಬೆಳಿಗ್ಗೆ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿ ಡೇಪಾ ಎಷ್ಟು ಬಾಟಲಿ ಇದೆ ಕೇಳಬೇಕು. ಎಲ್ಲರಿಗೂ ಸಾಲದಿದ್ದರೆ ಕಾಲುದಾರಿ ಬಿಟ್ಟು ಕ್ಯಾಂಪಸ್ಸಿನ ಟಾರು ರಸ್ತೆಯಲ್ಲೇ ನಡೆಸಿ, ಪಕ್ಕದ ಮರಗಳ ಪಟ್ಟಿ ಮಾಡಿಸಿ, ಮಿಕ್ಕ ಹೊತ್ತಿಗೆ ಎಲ್ಲರನ್ನೂ ಕತ್ತಲೆ ಕೋಣೆಗೆ ಕರೆತರಬಹುದು, ಆದರೆ ಅಲ್ಲಿ ಒಮ್ಮೆಗೆ ಆರು ಜನಕ್ಕಿಂತ ಹೆಚ್ಚು ಕೂರುವಂತಿಲ್ಲ, ಪ್ರತಿ ಗುಂಪಿಗೂ ಇಪ್ಪತ್ತು ನಿಮಿಷ ಬೇಕು.